ಕೋಗಿಲಿನಲ್ಲಿ ಸರದಾರನ ತೂಕ

ಬೆಂಗಳೂರಿಗೆ ಬಂದು ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ನನ್ನ ಹೆಸರನ್ನು ತಾನಾಗಿ ಕೇಳಿದವರು ಈ ಊರಿನಲ್ಲಿ ಒಬ್ಬರೂ ಇರಲಿಲ್ಲ. ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದ, ಕಾಲೇಜಿನ ಗುಮಾಸ್ತ ರೋಲ್ ನಂಬರ್ ಕೇಳಿದ, ಪಕ್ಕದ ಬೆಂಚಿನವನು ಪೆನ್ನು ಕೇಳಿ ವಾಪಸ್ ಕೊಡಲಿಲ್ಲ. ಹೀಗಿರುವಾಗ ಒಂದು ಸಂಜೆ, ಮೊಬೈಲಿನಲ್ಲಿ ಒಂದು ವೆಬ್‌ಸೈಟು ಬಹಳ ಮರ್ಯಾದೆಯಿಂದ ಕೇಳಿತು: ರೋಗಿಯ ಹೆಸರೇನು, ವಯಸ್ಸೆಷ್ಟು, ತೂಕವೆಷ್ಟು, ಸ್ವಭಾವ ಹೇಗೆ, ನೋಡಿಕೊಳ್ಳುವ ವೈದ್ಯರು ಯಾರು. ರೋಗಿ ಅಂದರೆ ನಮ್ಮ ನಾಯಿ. ಸ್ವಭಾವಕ್ಕೆ ನಾಲ್ಕು ಆಯ್ಕೆ ಕೊಟ್ಟಿದ್ದರು: ಶಾಂತ, ಚುರುಕು, ಅಂಜುಬುರುಕ, ಕಚ್ಚುತ್ತದೆ. ನಾಲ್ಕನ್ನೂ ಒತ್ತಿದೆ. ನಾಲ್ಕೂ ನಿಜವೇ.

ಇದನ್ನು ಗದಗಿನ ನಮ್ಮ ಶಾಲೆಯ ಪತ್ರಿಕೆಯಲ್ಲಿ ಓದುತ್ತಿರುವವರಲ್ಲಿ ಅರ್ಧ ಮಂದಿಗೆ ಸರದಾರ ಗೊತ್ತು. ಉಳಿದ ಅರ್ಧ ಮಂದಿಯನ್ನು ಅವನು ಒಂದಲ್ಲ ಒಂದು ದಿನ ಅಟ್ಟಿಸಿಕೊಂಡು ಹೋಗಿದ್ದಾನೆ. ಬಿಳಿ ಬಣ್ಣ, ಮೈತುಂಬ ಕೂದಲು, ದೂರದಿಂದ ನೋಡಿದರೆ ಹತ್ತಿ ತುಂಬಿದ ಅಂಡಿಗೆ ಚೀಲಕ್ಕೆ ಮೂಗು ಬಂದ ಹಾಗೆ. ವಯಸ್ಸು ಹನ್ನೊಂದು. ಹೋದ ವರ್ಷ ಕೆಮ್ಮು ಶುರುವಾದಾಗ ನಮ್ಮ ಊರಿನ ದನದ ದವಾಖಾನೆಯ ಡಾಕ್ಟರು ಎದೆಗೆ ಕಿವಿಯಿಟ್ಟು, ಹೃದಯ ದೊಡ್ಡದಾಗಿದೆ ಎಂದರು. ಅವ್ವ ಮೊದಲು ಇದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಅಂದಿನಿಂದ ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು. ತಪ್ಪಿಸಿದರೆ ಎರಡೇ ದಿನಕ್ಕೆ ಉಸಿರು ಕಟ್ಟುತ್ತದೆ. ಒಮ್ಮೆ ತಪ್ಪಿಸಿ ನೋಡಿಬಿಟ್ಟಿದ್ದೇವೆ, ಆ ಕಥೆಯಲ್ಲಿ ನಗು ಇಲ್ಲ.

ಅಲ್ಲಿ ಮಾತ್ರೆ ತರಿಸುವುದು ಸುಲಭವಿತ್ತು. ಡಾಕ್ಟರು ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡುತ್ತಿದ್ದರು, ಅಂಗಡಿಯವರು ಪೊಟ್ಟಣ ಕಟ್ಟಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು, ಡ್ರೈವರ್ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ ‘ಏ ಸರದಾರ’ ಎಂದು ಕೂಗಿ ಎಸೆಯುತ್ತಿದ್ದ. ನಾಯಿಯ ಹೆಸರು ನನಗೇ ಅಂಟಿಕೊಂಡಿತ್ತು.

ಅಪ್ಪ ಗೂಡ್ಸ್ ರೈಲಿನ ಗಾರ್ಡು. ಯಶವಂತಪುರಕ್ಕೆ ವರ್ಗವಾಯಿತು, ಕ್ವಾರ್ಟರ್ಸ್ ಸಿಗಲಿಲ್ಲ, ಯಲಹಂಕದ ಆಚೆ ಕೋಗಿಲಿನಲ್ಲಿ ಬಾಡಿಗೆ ಮನೆ ಹಿಡಿದೆವು. ಮನೆ ಎಷ್ಟು ಸಣ್ಣದೆಂದರೆ ಸರದಾರ ಬಾಲ ಅಲ್ಲಾಡಿಸಿದರೆ ಎರಡು ರೂಮಿನ ಲೈಟು ಆರುತ್ತದೆ. ಕಾಲೇಜಿಗೆ ಹೋಗುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಲ್ಲುತ್ತದೆ. ನಾನು ಮೊದಲ ದಿನ ಹತ್ತುವಾಗ ಮೀಸೆ ಇರಲಿಲ್ಲ, ಇಳಿಯುವಾಗ ಚಿಗುರಿತ್ತು. ಸರದಾರನಿಗೆ ನನಗಿಂತ ಹೆಚ್ಚು ಅವಮಾನವಾಯಿತು. ಗದಗಿನಲ್ಲಿ ಅವನು ರೈಲಿಗೆ ಬೊಗಳಿದರೆ ರೈಲು ಹೆದರಿ ಓಡಿಹೋಗುತ್ತಿತ್ತು. ಇಲ್ಲಿ ತಲೆಯ ಮೇಲೆ ವಿಮಾನ. ಅದಕ್ಕೆ ಬೊಗಳಿದರೆ ಅದು ತಿರುಗಿ ಇನ್ನೂ ಜೋರಾಗಿ ಬೊಗಳುತ್ತದೆ. ಎರಡು ವಾರ ಪ್ರಯತ್ನಿಸಿ, ಆಮೇಲೆ ಮಂಚದ ಕೆಳಗೆ ಸೇರಿಕೊಂಡ.

ಊರಿನಿಂದ ಮೂರು ತಿಂಗಳಿಗಾಗುವಷ್ಟು ಮಾತ್ರೆ ತಂದಿದ್ದೆವು. ಅದು ಮುಗಿಯಲು ಐದು ದಿನ ಇದ್ದಾಗ ಅವ್ವ ಡಬ್ಬಿ ಅಲ್ಲಾಡಿಸಿ ನೋಡಿದಳು. ಯಲಹಂಕದ ಮೂರು ಅಂಗಡಿಗಳಲ್ಲಿ ಕೇಳಿದೆ. ಮೂರೂ ಕಡೆ ಒಂದೇ ಉತ್ತರ: ‘ಬರಲ್ಲ, ಆನ್‌ಲೈನಲ್ಲಿ ನೋಡಿ.’ ಆನ್‌ಲೈನಿನಲ್ಲಿ ಇತ್ತು. ಆದರೆ ಡಾಕ್ಟರ ಚೀಟಿ ನಮ್ಮದರಂತೆ ಆರು ತಿಂಗಳಿಗಿಂತ ಹಳೆಯದಾದರೆ ಆಗುವುದಿಲ್ಲ, ನಾಯಿಯನ್ನು ಈಗ ನೋಡುತ್ತಿರುವ ಡಾಕ್ಟರಿಗೆ ತಾವೇ ಫೋನ್ ಮಾಡಿ ಕೇಳುತ್ತೇವೆ, ಅವರು ಒಪ್ಪಿದರೆ ಮಾತ್ರ ಕಳಿಸುತ್ತೇವೆ ಎಂದು ಬರೆದಿತ್ತು. ಗದಗಿನ ಡಾಕ್ಟರಿಗೆ ಫೋನ್ ಹಚ್ಚಿದೆ.

‘ನೋಡಪಾ ವೀರೇಶ, ನಾಯಿ ನನ್ನ ಕಣ್ಣ ಮುಂದ ಇಲ್ಲ. ಕೇಳದ ಎದಿಗೆ ನಾ ಹ್ಯಾಂಗ ಹೂಂ ಅನ್ಲಿ? ಅಲ್ಲೇ ಯಾರಿಗಾರ ತೋರಸು’ ಎಂದರು.

ಅಲ್ಲಿ ಯಾರಿಗೆ? ಅದನ್ನು ಹೇಳಿದ್ದು ಕೆಳಗಿನ ಮನೆಯ ಮುನಿಯಮ್ಮ. ಅವರೇ ನಮ್ಮ ಮನೆಯ ಮಾಲೀಕರು. ಕೋಗಿಲು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ಹೊಲವೆಲ್ಲ ಸೈಟಾದರೂ ಮೂರು ಹಸು ಉಳಿಸಿಕೊಂಡಿದ್ದಾರೆ. ನಾನು ಮೆಟ್ಟಿಲ ಮೇಲೆ ಕೂತು ಮೊಬೈಲನ್ನು ಬಯ್ಯುತ್ತಿದ್ದುದನ್ನು ಕೇಳಿಸಿಕೊಂಡು ಬಂದರು.

‘ಏನ್ ಮಗಾ, ನಾಯಿಗೆ ಫೋನಲ್ಲಿ ಮಾತ್ರೆ ತರುಸ್ತೀಯಾ?’

‘ಹೂಂ ಅಜ್ಜಿ. ಅದಕ್ಕ ಡಾಕ್ಟರ್ ಒಪ್ಪಿಗಿ ಬೇಕಂತ.’

‘ನಮ್ ಅಸು ನೋಡಕ್ಕೆ ನಾಳೆ ಒತ್ತಾರೆ ಡಾಕ್ಟ್ರಮ್ಮ ಬತ್ತಾರೆ. ತೋರ್ಸು. ಇಂಗೆ ಫೋನ್ ಇಟ್ಕಂಡು ಕುಂತ್ರೆ ಒಪ್ಪಿಗೆ ಆಕಾಶದಿಂದ ಬೀಳ್ತದಾ?’

ಆ ರಾತ್ರಿ ಊಟಕ್ಕೆ ಕೂತಾಗ ತೂಕದ ಮಾತು ಬಂತು. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಕೊಸರು ಇಲ್ಲದೆ ಯಾವ ವ್ಯವಹಾರವೂ ಮುಗಿಯುವುದಿಲ್ಲ. ಅವ್ವ ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ತೂಗಿಸಿ, ಮೇಲೊಂದು ಬದನೆಕಾಯಿ ಬುಟ್ಟಿಗೆ ಬೀಳುವವರೆಗೆ ಏಳುವವಳಲ್ಲ. ಕೊಡುವವರು ಯಾವತ್ತೂ ಒಂದಿಷ್ಟು ಕಡಿಮೆ ಕೊಡುತ್ತಾರೆ, ಕೇಳುವವರು ಒಂದಿಷ್ಟು ಹೆಚ್ಚು ಕೇಳಬೇಕು. ಇದು ಅವಳ ಅರ್ಥಶಾಸ್ತ್ರ.

‘ಊರಾಗ ತೂಗಿದಾಗ ಹದಿನೆಂಟ ಇತ್ತು’ ಎಂದೆ.

‘ಈಗ ಇಪ್ಪತ್ತ ಇರಬೇಕಲೇ’ ಎಂದ ಅಪ್ಪ, ಗೂಡ್ಸ್ ವ್ಯಾಗನ್ನಿನ ಲೆಕ್ಕ ಹೇಳುವ ಧ್ವನಿಯಲ್ಲಿ.

‘ಇಪ್ಪತ್ತೆರಡ ಅನ್ನು’ ಎಂದಳು ಅವ್ವ. ‘ತೂಕ ಹೆಚ್ಚ ಹೇಳಿದ್ರ ಮಾತ್ರಿ ಹೆಚ್ಚ ಬರತಾವ. ಇದ್ದರ ಏನ್ ಕೊಳಿತಾವ? ಮತ್ತ ಇದ ರಾಮಾಯಣ ಬ್ಯಾಡ.’

ಸರದಾರ ಮಂಚದ ಕೆಳಗಿನಿಂದ ಮೂಗಷ್ಟೇ ಹೊರಗೆ ಹಾಕಿ ಮಲಗಿದ್ದ. ಅವನ ತಟ್ಟೆಯ ಅನ್ನ ಹಾಗೇ ಇತ್ತು. ಯಾರೂ ಅದನ್ನು ನೋಡಲಿಲ್ಲ. ಅಂದರೆ ನೋಡಿದೆವು, ಆದರೆ ಅದು ಮೂರು ತಿಂಗಳಿನಿಂದ ಹಾಗೇ ಇರುತ್ತಿತ್ತು.

ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಡಾಕ್ಟರಮ್ಮನ ಬಲಗೈ ಹಸುವಿನೊಳಗೆ ಭುಜದವರೆಗೂ ಇತ್ತು. ಉದ್ದನೆಯ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಗಬ್ಬ ಪರೀಕ್ಷೆ ಮಾಡುತ್ತಿದ್ದರು. ಹಸುವಿನ ಮುಖದಲ್ಲಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತವರ ಮುಖದಲ್ಲಿರುವಂಥದೇ ಶಾಂತಿ ಇತ್ತು. ಕೈ ತೊಳೆದು ಬಂದು, ಸರದಾರನನ್ನು ತೊಡೆಗಳ ನಡುವೆ ಹಿಡಿದು, ಕಣ್ಣು ಮುಚ್ಚಿ ತುಂಬ ಹೊತ್ತು ಎದೆ ಕೇಳಿದರು. ಹಸುವಿನ ಭಯಕ್ಕೆ ಅವನು ಕೂದಲನ್ನೆಲ್ಲ ನಿಮಿರಿಸಿ ಇದ್ದದ್ದಕ್ಕಿಂತ ಎರಡು ಪಟ್ಟು ಕಾಣುತ್ತಿದ್ದ.

‘ಹಾರ್ಟಲ್ಲಿ ಮರ್ಮರ್ ಸದ್ದು ಜೋರಾಗೇ ಕೇಳುತ್ತೆ. ಮಾತ್ರೆ ನಿಲ್ಲಿಸ್ಬೇಡ. ತೂಕ ಎಷ್ಟು?’

ಮುನಿಯಮ್ಮ, ಹಾಲು ಒಯ್ಯಲು ಬಂದ ಇಬ್ಬರು, ಪಕ್ಕದ ಅಪಾರ್ಟ್‌ಮೆಂಟಿನಿಂದ ಲ್ಯಾಬ್ರಡಾರ್ ಹಿಡಿದುಕೊಂಡು ನಿಂತ ಒಬ್ಬ ಅಂಕಲ್, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂರು ತಿಂಗಳಲ್ಲಿ ಈ ಊರು ನನ್ನನ್ನು ಇಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಲ್ಯಾಬ್ರಡಾರ್ ಮೂವತ್ತಾದರೂ ಇರಬೇಕು. ಇಪ್ಪತ್ತೆರಡು ತೀರಾ ಬಡತನ ಅನ್ನಿಸಿತು.

‘ಇಪ್ಪತ್ತೈದು ಮೇಡಂ.’

‘ತೂಕ ಹಾಕಿಸಿದ್ಯಾ?’

‘ಹಾಕಿಸೀನ್ರಿ.’

ಅವರು ಇಪ್ಪತ್ತೈದಕ್ಕೆ ಲೆಕ್ಕ ಹಾಕಿ, ಹಳೆಯದಕ್ಕಿಂತ ಜೋರಾದ ಮಾತ್ರೆ ಬರೆದುಕೊಟ್ಟರು. ನಾನು ಹೊಸ ಚೀಟಿಯನ್ನೂ ಹಳೆಯ ಚೀಟಿಯನ್ನೂ ಜೋಡಿಸಿ ವೆಬ್‌ಸೈಟಿಗೆ ಏರಿಸಿದೆ. ಹಳೆಯದನ್ನು ಯಾರೂ ಕೇಳಿರಲಿಲ್ಲ. ಕೊಸರು.

ಮರುದಿನ ಮಧ್ಯಾಹ್ನ ವೆಬ್‌ಸೈಟಿನವರ ಕಡೆಯಿಂದ ಒಂದು ಹುಡುಗಿಯ ಫೋನು ಬಂತು. ‘ಸರ್, ಸರದಾರ್ ಅವರ ಪೇರೆಂಟ್ ಮಾತಾಡ್ತಿರೋದಾ?’ ಇಲ್ಲಿ ನಾಯಿ ಸಾಕಿದವರನ್ನು ಪೇರೆಂಟ್ ಅನ್ನುತ್ತಾರೆ, ಅಂದರೆ ತಂದೆ ತಾಯಿ. ಸ್ಪೀಕರಿನಲ್ಲಿ ಕೇಳುತ್ತಿದ್ದ ಅವ್ವ, ‘ಹದಿನಾರ ವರ್ಷಕ್ಕ ಇಷ್ಟ ದೊಡ್ಡ ಮಗಾ?’ ಎಂದಳು. ಹುಡುಗಿ ನಗಲಿಲ್ಲ.

‘ಹಳೇ ಚೀಟಿಲಿ ಹದಿನೆಂಟು ಕೆಜಿ ಇದೆ ಸರ್. ಹೊಸದ್ರಲ್ಲಿ ಇಪ್ಪತ್ತೈದು. ಕರೆಕ್ಟಾ?’

‘ಕರೆಕ್ಟ್. ಬೆಂಗಳೂರಿನ ನೀರು ಹಿಡಿಸಿದೆ’ ಎಂದೆ, ಇಲ್ಲಿಯವರ ಹಾಗೇ ಸ್ಟೈಲಾಗಿ.

ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡಿನ ಸದ್ದು. ‘ಸರಿ ಸರ್, ಡಾಕ್ಟರ್‌ಗೆ ಒಂದ್ಸಲ ಹೇಳಿ ಕನ್ಫರ್ಮ್ ಮಾಡ್ಕೊಳ್ತೀವಿ.’

ಹತ್ತು ನಿಮಿಷದಲ್ಲಿ ಡಾಕ್ಟರಮ್ಮನೇ ಫೋನ್ ಮಾಡಿದರು. ಕೊಟ್ಟಿಗೆಯಲ್ಲಿದ್ದ ಧ್ವನಿ ಅದಾಗಿರಲಿಲ್ಲ.

‘ವೀರೇಶ್, ಊರಲ್ಲಿ ಹದಿನೆಂಟು ಇತ್ತು ಅಂತ ನಂಗ್ಯಾಕೆ ಹೇಳ್ಲಿಲ್ಲ? ಹಾರ್ಟ್ ಪ್ರಾಬ್ಲಂ ಇರೋ ನಾಯಿ ಆರು ತಿಂಗಳಲ್ಲಿ ಏಳು ಕೆಜಿ ಏರಿದ್ರೆ ಅದು ಮಾಂಸ ಅಲ್ಲಪ್ಪ, ಹೊಟ್ಟೆಲಿ ನೀರು ತುಂಬ್ತಿದೆ ಅಂತ ಅರ್ಥ. ಕೂದಲಲ್ಲಿ ನಂಗೆ ಗೊತ್ತಾಗಿಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಬಾ, ನೀರು ಇಳಿಸೋ ಇಂಜೆಕ್ಷನ್ ಶುರು ಮಾಡ್ಬೇಕು. ನೋಡೋವರ್ಗೂ ಆ ಆರ್ಡರ್‌ಗೆ ನಾನು ಒಪ್ಪಲ್ಲ.’

ಫೋನ್ ಇಟ್ಟ ಮೇಲೆ ಅವ್ವ ಮತ್ತೆ ಡಬ್ಬಿ ಅಲ್ಲಾಡಿಸಿದಳು. ಡಬ್ಬಿಯಲ್ಲಿ ಐದು ಮಾತ್ರೆ. ಇಲ್ಲದ ರೋಗಕ್ಕೆ ಇಂಜೆಕ್ಷನ್ ಕಾಯುತ್ತಿತ್ತು, ಇದ್ದ ರೋಗಕ್ಕೆ ಮಾತ್ರೆ ನಿಂತುಹೋಗಿತ್ತು.

‘ನಾ ಇಪ್ಪತ್ತೆರಡ ಅಂದಿದ್ದೆ. ಇಪ್ಪತ್ತೈದ ಎಲ್ಲಿಂದ ಬಂತು?’ ಎಂದಳು ಅವ್ವ.

‘ನಾ ಇಪ್ಪತ್ತ ಅಷ್ಟ’ ಎಂದ ಅಪ್ಪ. ಮೂವರೂ ಅವರವರ ಕಿಲೋಗಳನ್ನು ವಾಪಸ್ ತೆಗೆದುಕೊಳ್ಳುತ್ತಾ ಹೋದರೂ ಹದಿನೆಂಟೇ ಉಳಿಯುತ್ತದೆ ಎಂದು ನನಗೆ ಧೈರ್ಯವಿತ್ತು. ನಿಜವಾದ ಅಂಕಿಯನ್ನು ಬರೆದುಕೊಂಡೇ ಡಾಕ್ಟರಮ್ಮನ ಎದುರು ನಿಲ್ಲೋಣ ಎಂದೆ.

ಮುನಿಯಮ್ಮ ತೋರಿಸಿದ್ದು ಮುಂದಿನ ತಿರುವಿನ ಗುಜರಿ ಅಂಗಡಿ, ನಾವು ಮೋಡಕಾ ಅನ್ನುತ್ತೇವಲ್ಲ ಅದು. ಹಳೆ ಪೇಪರು, ಕಬ್ಬಿಣ ತೂಗುವ ದೊಡ್ಡ ತಕ್ಕಡಿ ಮೆಷಿನ್ ಅಲ್ಲಿದೆ. ಸಂಜೆ ನಾವು ಹೊರಟಿದ್ದು ಮೆರವಣಿಗೆಯಂತೆ: ಮುಂದೆ ಡ್ಯೂಟಿಯ ಬಿಳಿ ಡ್ರೆಸ್ಸು ಹಾಕಿಕೊಂಡ ಅಪ್ಪ, ನಡುವೆ ಸರದಾರನನ್ನು ಎತ್ತಿಕೊಂಡ ನಾನು, ಹಿಂದೆ ಅವ್ವ, ಕೊನೆಗೆ ಮುನಿಯಮ್ಮ.

ಅಂಗಡಿಯ ಅಣ್ಣ ಬೀಡಿ ಬಾಯಿಂದ ತೆಗೆದ. ‘ಏನ್ ಮಚ್ಚಾ, ನಾಯಿನ ಹಾಕ್ತೀಯಾ? ಕೂದ್ಲು ಬೇರೆ ರೇಟು.’

‘ಸುಮ್ಕೆ ತೂಗಲಾ’ ಎಂದರು ಮುನಿಯಮ್ಮ. ‘ಉಡುಗ ಎದರ್ಕಂಡವ್ನೆ.’

ಸರದಾರ ಒಬ್ಬನೇ ಮೆಷಿನ್ ಮೇಲೆ ನಿಲ್ಲಲಿಲ್ಲ. ಮೊದಲು ಅವನನ್ನು ಎತ್ತಿಕೊಂಡು ನಾನು ನಿಂತೆ. ಅರವತ್ತೆರಡೂವರೆ. ಆಮೇಲೆ ನಾನೊಬ್ಬನೇ. ನಲವತ್ತಾರು. ಅಣ್ಣ ಎರಡನ್ನೂ ಒಂದು ಹಳೆಯ ಬಿಲ್ಲಿನ ಹಿಂದೆ ಬರೆದು, ಕಳೆದು, ಹರಿದು ಕೊಟ್ಟ.

ಹದಿನಾರೂವರೆ.

ಅಪ್ಪ ಮೆಷಿನ್ ಸರಿಯಿಲ್ಲ ಎಂದ. ಅಣ್ಣ ಐದು ಕಿಲೋ ಬಟ್ಟು ಇಟ್ಟು ತೋರಿಸಿದ. ಮೆಷಿನ್ ಸರಿಯಿತ್ತು. ನಾವು ಮೂವರೂ ಕೂಡಿಸುತ್ತ ಕೂತಿದ್ದಾಗ ಅವನು ಮಂಚದ ಕೆಳಗೆ ಸದ್ದಿಲ್ಲದೆ ಒಂದೂವರೆ ಕಿಲೋ ಕಳೆದಿದ್ದ. ಅವ್ವ ಕೂದಲಿನೊಳಗೆ ಕೈ ತೂರಿಸಿ ಬೆನ್ನೆಲುಬು ಮುಟ್ಟಿ ನೋಡಿ, ಕೈ ಹಿಂದೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಮೂರು ಆಟೊದವರು ನಾಯಿ ಎಂದು ಬಿಟ್ಟು ಹೋದರು, ನಾಲ್ಕನೆಯವನು ಹತ್ತಿಸಿಕೊಂಡ. ಯಲಹಂಕದ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಮೇಜಿನ ಮೇಲೆ ಸಿರಿಂಜು ಸಿದ್ಧವಾಗಿತ್ತು. ಇಷ್ಟು ಬೇಗ ನಾನು ಯಾವತ್ತೂ ಸತ್ಯ ಹೇಳಿಲ್ಲ.

‘ಮೇಡಂ, ನಾ ಸುಳ್ಳು ಹೇಳಿದ್ದೆ. ತೂಗೇ ಇರಲಿಲ್ಲ. ನಾವೆಲ್ಲ ಸ್ವಲ್ಪ ಸ್ವಲ್ಪ ಕೂಡಿಸಿದ್ವಿ.’

‘ಕೂಡಿಸಿದ್ವಿ ಅಂದ್ರೆ?’

ಹೇಳಿದೆ. ಅಪ್ಪನ ಎರಡು, ಅವ್ವನ ಎರಡು, ನನ್ನ ಮೂರು, ಕೊನೆಗೆ ಗುಜರಿ ಅಂಗಡಿಯ ಹದಿನಾರೂವರೆ. ಅವರು ಸಿರಿಂಜನ್ನು ಟ್ರೇಗೆ ಇಟ್ಟು, ಕನ್ನಡಕ ತೆಗೆದು ಒರೆಸತೊಡಗಿದರು. ನಗುತ್ತಿದ್ದಾರೋ ಸಿಟ್ಟೋ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

‘ಮಾತ್ರೆ ಏನು ಸೊಪ್ಪಾ, ಮೇಲೊಂದು ಹಿಡಿ ಹಾಕ್ಸ್ಕೊಳ್ಳೋಕೆ? ನಾನು ಇವತ್ತು ಈ ಇಂಜೆಕ್ಷನ್ ಕೊಟ್ಟಿದ್ರೆ, ಇಷ್ಟು ಸೊರಗಿರೋ ನಾಯಿಗೆ ಏನಾಗ್ತಿತ್ತು ಗೊತ್ತಾ? ನಿನ್ನ ಜಂಬಕ್ಕೆ ಅದು ನರಳ್ಬೇಕಿತ್ತಾ?’

ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಆಸ್ಪತ್ರೆಯ ತಕ್ಕಡಿಯಲ್ಲೂ ಹದಿನಾರೂವರೆಯೇ ಬಂತು. ಅವರು ಹೊಟ್ಟೆ ಒತ್ತಿ ನೋಡಿ ನೀರಿಲ್ಲ ಎಂದರು. ಚೀಟಿ ಹರಿದು ಹೊಸದು ಬರೆದರು. ಆಮೇಲೆ ನನ್ನ ಕೈಯಲ್ಲಿದ್ದ ಗುಜರಿ ಬಿಲ್ಲನ್ನು ತೆಗೆದುಕೊಂಡು ನೋಡಿದರು.

‘ಈ ನಲವತ್ತಾರು ಯಾರ್ದು?’

‘ನಂದು.’

‘ಊರಲ್ಲಿ ಎಷ್ಟಿದ್ದೆ?’

‘ಇಷ್ಟೇ ಇದ್ದೆ ಮೇಡಂ.’

‘ಐವತ್ತ ಇದ್ದ್ಯಲ್ಲೋ’ ಎಂದಳು ಹಿಂದಿನಿಂದ ಅವ್ವ. ‘ಸಾಲ್ಯಾಗ ತೂಗಿದ್ರಲ್ಲ.’

ನಾನು ಗೋಡೆಯ ಮೇಲಿದ್ದ ಎಮ್ಮೆಯ ಚಿತ್ರ ನೋಡಿದೆ. ಡಾಕ್ಟರಮ್ಮ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. ಈ ಸಲ ಧ್ವನಿ ಇಳಿದಿತ್ತು. ‘ಊರಲ್ಲಿ ಇವನು ಏನು ತಿಂತಿದ್ದ ಅಮ್ಮ? ನಾಯಿ ವಿಷ್ಯ ಕೇಳ್ತಿರೋದು.’

‘ರೊಟ್ಟಿ ರೀ. ಜ್ವಾಳದ ರೊಟ್ಟಿ, ಹಾಲು. ಇಲ್ಲಿ ಅನ್ನ ಹಾಕ್ತೀನಿ, ಮುಟ್ಟೂದಿಲ್ಲ.’

‘ಇಲ್ಲಿ ರೊಟ್ಟಿ ಯಾಕೆ ಮಾಡಲ್ಲ? ಜೋಳ ಸಿಗುತ್ತಲ್ಲ.’

ಅವ್ವ ಸೆರಗಿನ ತುದಿ ಸುತ್ತುತ್ತಲೇ ಹೇಳಿದಳು. ಜೋಳದ ಹಿಟ್ಟು ಮನೆಯಲ್ಲಿ ಡಬ್ಬಿ ತುಂಬ ಇತ್ತು. ಬಂದ ಮೊದಲ ವಾರ ರೊಟ್ಟಿ ಬಡಿಯುವಾಗ ಕೆಳಗಿನಿಂದ ಮುನಿಯಮ್ಮ, ‘ಏನವ್ವಾ, ಮ್ಯಾಗೆ ಬಟ್ಟೆ ಒಗೀತಿದ್ದೀರಾ?’ ಎಂದು ಕೂಗಿ ಕೇಳಿದ್ದರಂತೆ. ಅಷ್ಟೇ. ಅವ್ವ ಅಂದಿನಿಂದ ಬಡಿಯುವುದನ್ನೇ ಬಿಟ್ಟಿದ್ದಳು. ನಮಗೆ ಹಿಟ್ಟು ಸರಿಯಿಲ್ಲ ಎಂದು ಹೇಳಿದ್ದಳು. ಗದಗಿನಲ್ಲಿ ಆರು ಗಂಟೆಗೆ ಓಣಿಯ ಪ್ರತಿ ಮನೆಯಿಂದಲೂ ಆ ಸಪ್ಪಳ ಬರುತ್ತದೆ. ಬರದಿದ್ದರೆ ಯಾರಿಗೆ ಆರಾಮಿಲ್ಲ ಎಂದು ಕೇಳಲು ಬರುತ್ತಾರೆ. ಇಲ್ಲಿ ಒಂದೇ ಮನೆಯಿಂದ ಬಂದರೆ ಅದು ಗದ್ದಲ ಎಂದು ಅವಳು ತಾನೇ ತೀರ್ಮಾನ ಮಾಡಿಕೊಂಡಿದ್ದಳು.

‘ಉಪ್ಪು ಹಾಕದೆ ಒಂದು ಪಕ್ಕಕ್ಕೆ ತೆಗೆದಿಡಿ, ನಾಯಿಗೆ’ ಎಂದರು ಡಾಕ್ಟರಮ್ಮ. ‘ಉಳಿದದ್ದು ಇವನಿಗೆ.’

ಅವರು ನನ್ನೆದುರೇ ವೆಬ್‌ಸೈಟಿನವರ ಫೋನಿಗೆ ಹೂಂ ಎಂದರು. ಹದಿನಾರೂವರೆ ಎಂದು ಎರಡು ಸಲ ಹೇಳಿದರು.

ಮನೆಗೆ ಬಂದು ಅವ್ವ ಮುನಿಯಮ್ಮನ ಬಾಗಿಲಲ್ಲಿ ನಿಂತು, ನಾಳೆಯಿಂದ ಸ್ವಲ್ಪ ಸಪ್ಪಳ ಆಗುತ್ತದೆ ಎಂದಳು. ಮುನಿಯಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

‘ಅಯ್ಯೋ ನನ್ ಬಾಯಿಗೆ ಬೆಂಕಿ ಬೀಳ. ಸುಮ್ಕೆ ಕೇಳಿದ್ನಲ್ಲವ್ವಾ. ಬಡಿ ನೀನು. ಇಮಾನಕ್ಕೇ ಎದರದ ಅಸು, ರೊಟ್ಟಿಗೆ ಎದರ್ತದಾ?’

ಮಾತ್ರೆ ಎರಡು ದಿನ ಬರಲಿಲ್ಲ. ಡಬ್ಬಿಯಲ್ಲಿ ಎರಡು ಉಳಿಯಿತು, ಒಂದು ಉಳಿಯಿತು. ಆ ಎರಡು ದಿನ ಕಾಲೇಜಿನಲ್ಲಿ ಕೂತಿದ್ದು ನನ್ನ ಚಪ್ಪಲಿ ಮಾತ್ರ, ನಾನಲ್ಲ. ಮೊಬೈಲಿನಲ್ಲಿ ಪಾರ್ಸೆಲ್ ಎಲ್ಲಿದೆ ಎಂದು ತೋರಿಸುವ ಚುಕ್ಕೆಯೊಂದು ಯಶವಂತಪುರದ ಹತ್ತಿರ ಇಡೀ ಮಧ್ಯಾಹ್ನ ಅಲ್ಲಾಡದೆ ನಿಂತಿತ್ತು. ಕೊನೆಯ ಮಾತ್ರೆ ಹಾಕಿದ ಸಂಜೆ ಏಳಕ್ಕೆ ಡೆಲಿವರಿಯವನು ಬಂದು, ‘ಸರದಾರ್ ಯಾರು?’ ಎಂದ. ‘ನಾನೇ’ ಎಂದು ಸಹಿ ಹಾಕಿದೆ. ಪೊಟ್ಟಣದಲ್ಲಿ ಬರೆದಷ್ಟೇ ಮಾತ್ರೆಗಳಿದ್ದವು. ಅವ್ವ ಎಣಿಸಿ ಡಬ್ಬಿಗೆ ಸುರಿದಳು.

ಈಗ ಪ್ರತಿ ಭಾನುವಾರ ಗುಜರಿ ಅಂಗಡಿಗೆ ಹೋಗುತ್ತೇವೆ. ಅಣ್ಣ ಎರಡು ಅಂಕಿ ಬರೆದುಕೊಡುತ್ತಾನೆ. ನಾಯಿಯದನ್ನು ಡಾಕ್ಟರಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ನನ್ನದನ್ನು ಅವ್ವ ಕಸಿದುಕೊಳ್ಳುತ್ತಾಳೆ. ಹೋದ ವಾರ ಸರದಾರ ಹದಿನೇಳೂಕಾಲು. ರೊಟ್ಟಿಯಿಂದ ಎನ್ನುತ್ತಾಳೆ ಅವ್ವ. ಆದರೆ ಬೆಳಿಗ್ಗೆ ಅವನು ಮೆಟ್ಟಿಲಿಳಿದು ಕೊಟ್ಟಿಗೆಗೆ ಹೋಗಿ, ಮುನಿಯಮ್ಮ ಹಾಲಿನಲ್ಲಿ ಕದಡಿ ಇಟ್ಟ ಮುದ್ದೆಯನ್ನು ತಟ್ಟೆ ಸವೆಯುವಂತೆ ನೆಕ್ಕಿ ಬರುವುದನ್ನು ನಾನು ನೋಡಿದ್ದೇನೆ. ಬಂದು, ಏನೂ ತಿನ್ನದವನ ಮುಖ ಮಾಡಿಕೊಂಡು ರೊಟ್ಟಿಗೂ ಕೂರುತ್ತಾನೆ. ನಾನು ಅವ್ವನಿಗೆ ಹೇಳಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ನಾನೂ ಮಧ್ಯಾಹ್ನ ಸೊಪ್ಪಿನ ಸಾರು ಅನ್ನ ಎರಡನೆಯ ಸಲ ಹಾಕಿಸಿಕೊಳ್ಳುತ್ತೇನೆ, ಅದನ್ನೂ ಹೇಳಿಲ್ಲ.

ಹದಿನೆಂಟಾದರೆ ದೀಪಾವಳಿಗೆ ರೈಲಿನಲ್ಲಿ ಊರಿಗೆ ಕರೆದುಕೊಂಡು ಹೋಗಬಹುದು ಎಂದಿದ್ದಾರೆ ಡಾಕ್ಟರಮ್ಮ. ಬಂದಾಗ ನಿಮ್ಮಲ್ಲಿ ಯಾರಾದರೂ ಅವನನ್ನು ಒಮ್ಮೆ ಎತ್ತಿ ನೋಡಿ. ಹಗುರಾಗಿದ್ದಾನೆ ಎಂದರೆ ನನಗೆ ಬೇಜಾರಾಗುತ್ತದೆ. ಮೊದಲಿನಷ್ಟೇ ಇದ್ದಾನೆ, ಊರು ಬಿಟ್ಟವನ ಹಾಗೆ ಕಾಣುವುದೇ ಇಲ್ಲ ಎಂದರೂ, ಯಾಕೋ, ಸ್ವಲ್ಪ ಬೇಜಾರೇ.